ಮುಂಚಕ್ರದ ಓಲಿಯೋ ಸ್ಟ್ರಟ್: ಮೊದಲು ಎಣ್ಣೆ, ಆಮೇಲೆ ಗ್ಯಾಸ್

ವಿಮಾನ ನಿರ್ವಹಣೆಯ ವೃತ್ತಿಯಲ್ಲಿದ್ದು ಈಗ ಶಿವಮೊಗ್ಗದಲ್ಲಿ ನೆಲೆಸಿರುವ ನಾನು, ಹಾರಾಟದಿಂದ ತೆಗೆದುಹಾಕಿದ ಸೆಸ್ನಾ 172ಎನ್ ಎಂಬ ಸಣ್ಣ ವಿಮಾನವೊಂದರ ಮುಂಚಕ್ರದ ಓಲಿಯೋ ಸ್ಟ್ರಟ್ಟನ್ನು, ಅಂದರೆ ಎಣ್ಣೆ ಮತ್ತು ಗ್ಯಾಸ್ ತುಂಬಿದ, ಇಳಿಯುವಾಗಿನ ಹೊಡೆತ ತಾಳುವ ಕಾಲನ್ನು, ಮನೆಯ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದೇನೆ. 2023ರಲ್ಲಿ ಊರಿನ ಬಳಿಯ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದ ಬಳಿಕ ಈ ವಿಷಯ ಕೇಳಿಕೊಂಡು ಬರುವ ಡಿಪ್ಲೊಮಾ ವಿದ್ಯಾರ್ಥಿಗಳು ಹೆಚ್ಚಿದ್ದಾರೆ. ಅವರೆದುರು ಅದನ್ನು ಬಿಚ್ಚಿ, ತುಂಬಿ, ಜೋಡಿಸಿ ತೋರಿಸುತ್ತೇನೆ.

ಈ ವಿಮಾನದ ಹಿಂದಿನ ಎರಡು ಚಕ್ರಗಳಿಗೆ ಓಲಿಯೋ ಇಲ್ಲ. ಅಲ್ಲಿ ಬಾಗುವ ಉಕ್ಕಿನ ಕಾಲುಗಳೇ ಹೊಡೆತವನ್ನು ತಾಳಿಕೊಳ್ಳುತ್ತವೆ. ಆದರೆ ಉಕ್ಕು ತಾನು ಪಡೆದ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುವುದರಿಂದ, ಒರಟಾಗಿ ಇಳಿದಾಗ ವಿಮಾನ ಪುಟಿಯುತ್ತದೆ. ಓಲಿಯೋದಲ್ಲಿ ಕೆಲಸ ಹಂಚಿಹೋಗಿದೆ. ಗ್ಯಾಸು ಭಾರ ಹೊರುತ್ತದೆ, ಎಣ್ಣೆ ಪುಟಿತವನ್ನು ಅಡಗಿಸುತ್ತದೆ. ಚಕ್ರ ನೆಲ ಮುಟ್ಟಿ ಪಿಸ್ಟನ್ ಸಿಲಿಂಡರಿನೊಳಗೆ ಸರಿದಾಗ, ಎಣ್ಣೆ ಕಿರಿದಾದ ರಂಧ್ರವೊಂದನ್ನು ಹಾದು ಮೇಲೇರಬೇಕು. ಆ ರಂಧ್ರದಲ್ಲಿ ತೂರಿರುವ ಮೀಟರಿಂಗ್ ಪಿನ್ ದಾರಿಯ ಅಗಲವನ್ನು ನಿಯಂತ್ರಿಸುತ್ತದೆ. ರಂಧ್ರದ ತಡೆ ವೇಗದ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ಏರುವುದರಿಂದ, ನೆಲದ ಮೇಲೆ ನಿಧಾನವಾಗಿ ಸಾಗುವಾಗ ಸ್ಟ್ರಟ್ ಮೃದುವಾಗಿರುತ್ತದೆ, ಜೋರಾಗಿ ಬಡಿದಾಗ ಬಿಗಿಯಾಗುತ್ತದೆ. ಹೀಗೆ ತಡೆದ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಉಳಿಯುತ್ತದೆ. ನನಗೆ ಇಡೀ ಯಂತ್ರದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಸಂಗತಿ ಇದೇ.

ಕುಸಿದ ಸ್ಟ್ರಟ್ ಕಂಡೊಡನೆ ಗ್ಯಾಸ್ ತುಂಬಿ ಎತ್ತರಿಸುವ ಅಭ್ಯಾಸ ಅಪಾಯಕಾರಿ. ಎಣ್ಣೆ ಕಡಿಮೆಯಿದ್ದರೂ ಗ್ಯಾಸಿನಿಂದಲೇ ಸ್ಟ್ರಟ್ ಎತ್ತರಕ್ಕೆ ನಿಂತು ಸರಿಯಾಗಿರುವಂತೆ ತೋರುತ್ತದೆ. ಮುಂದಿನ ಒರಟು ಇಳಿಕೆಯಲ್ಲಿ ಲೋಹ ಲೋಹಕ್ಕೆ ಬಡಿಯುತ್ತದೆ. ಆದ್ದರಿಂದ ನಾನು ಮೊದಲು ವಾಲ್ವಿನ ಮೂಲಕ ಗ್ಯಾಸನ್ನು ಪೂರ್ತಿ ಬಿಡುತ್ತೇನೆ, ಏಕೆಂದರೆ ಒತ್ತಡವಿರುವಾಗಲೇ ಬಿಚ್ಚಿದರೆ ಭಾಗಗಳು ಚಿಮ್ಮಿ ಗಾಯವಾದೀತು. ಅನಂತರ ವಾಲ್ವ್ ತೆಗೆದು, ಸ್ಟ್ರಟ್ಟನ್ನು ತಳದವರೆಗೆ ಒತ್ತಿ, ವಾಲ್ವಿನ ಮಟ್ಟಕ್ಕೆ 5606 ಎಂಬ ಕೆಂಪು ಖನಿಜ ಎಣ್ಣೆ ತುಂಬುತ್ತೇನೆ. ಹಿಗ್ಗಿಸಿ ಕುಗ್ಗಿಸಿ ಗುಳ್ಳೆಗಳನ್ನು ಹೊರಡಿಸಿ, ಇಳಿದ ಮಟ್ಟವನ್ನು ಮತ್ತೆ ಸರಿಪಡಿಸುತ್ತೇನೆ. ಕಾರಿನ ಬ್ರೇಕ್ ಎಣ್ಣೆಯನ್ನು ಎಂದಿಗೂ ಹಾಕಬಾರದು, ಒಳಗೆ ಸೋರಿಕೆ ತಡೆಯುವ ರಬ್ಬರ್ ಓ-ರಿಂಗುಗಳು ಊದಿ ಹಾಳಾಗುತ್ತವೆ.

ಕೊನೆಗೆ, ಸ್ಟ್ರಟ್ಟಿನ ಮೇಲೆ ಭಾರವಿಲ್ಲದಿರುವಾಗ 45 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡಕ್ಕೆ ಗ್ಯಾಸ್ ತುಂಬುತ್ತೇನೆ. ಕೈಪಿಡಿ ಗಾಳಿಯನ್ನು ಒಪ್ಪುತ್ತದೆಯಾದರೂ, ಮಲೆನಾಡಿನ ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯೊಡನೆ ತೇವ ಒಳಹೊಕ್ಕು ತುಕ್ಕಿಗೆ ದಾರಿಯಾಗುವುದರಿಂದ ನಾನು ಒಣ ನೈಟ್ರೋಜನ್ನನ್ನೇ ಬಳಸುತ್ತೇನೆ. ಇಲ್ಲಿನ ಕೆಂಪು ಧೂಳು ಸೀಲುಗಳನ್ನು ಸವೆಸದಂತೆ, ಹೊಳೆಯುವ ಪಿಸ್ಟನ್ನನ್ನು ಅದೇ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿಡುತ್ತೇನೆ.