ಬೇರೆ ಬೇರೆ ಕಂಪನಿಯ ಗೇರ್ ಭಾಗಗಳನ್ನು ಬೆರೆಸುವ ಮುನ್ನ

ರೋಡ್ ಸೈಕಲ್ಲಿನಲ್ಲಿ ಮೊದಲು ನೋಡಬೇಕಾದದ್ದು ಗೇರ್ ಬದಲಿಸುವ ಹಿಡಿಯಾದ ಶಿಫ್ಟರ್ ಮತ್ತು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೈಲರ್‌ನ ಜೋಡಿ. ಒಂದು ಕ್ಲಿಕ್ಕಿಗೆ ಶಿಫ್ಟರ್ ಎಷ್ಟು ಕೇಬಲ್ ಎಳೆಯುತ್ತದೆ, ಆ ಎಳೆತಕ್ಕೆ ಡಿರೈಲರ್ ಎಷ್ಟು ಸರಿಯುತ್ತದೆ ಎಂಬ ಲೆಕ್ಕ ಶಿಮಾನೊ, ಸ್ರಾಮ್, ಕ್ಯಾಂಪಗ್ನೋಲೊ ಕಂಪನಿಗಳಲ್ಲಿ ಬೇರೆ ಬೇರೆ. ಹೊಂದದ ಜೋಡಿಯನ್ನು ತಿರುಪು ತಿರುಗಿಸಿ ದಾರಿಗೆ ತರಲಾಗುವುದಿಲ್ಲ. ಆ ಹಟದಲ್ಲಿ ನಾನು ಎರಡು ಸಂಜೆ ಕಳೆದಿದ್ದೇನೆ.

ಒಂದೇ ಕಂಪನಿಯದು ಎಂದು ಕಣ್ಣುಮುಚ್ಚಿ ನಂಬಲೂಬೇಡಿ. ಶಿಮಾನೊ ಟಿಯಾಗ್ರಾ 4700 ಸರಣಿಯದು 10 ಗೇರ್, ಆದರೆ ಕೇಬಲ್ ಎಳೆತ 11 ಗೇರಿನ ಸರಣಿಯದು. ಹಳೆಯ 10 ಗೇರಿನ ಡಿರೈಲರ್ ಅದಕ್ಕೆ ಕೂಡುವುದಿಲ್ಲ.

ಕ್ಯಾಸೆಟ್ಟಿನ, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಚ್ಛದ, ವಿಷಯದಲ್ಲಿ ಇಷ್ಟು ಗೋಳಿಲ್ಲ. ಶಿಮಾನೊ, ಸ್ರಾಮ್‌ಗಳ 11 ಗೇರಿನ ರೋಡ್ ಕ್ಯಾಸೆಟ್‌ಗಳನ್ನು ಸಾಮಾನ್ಯವಾಗಿ ಅದಲುಬದಲು ಮಾಡಬಹುದು. ಕ್ಯಾಂಪಗ್ನೋಲೊ ಕ್ಯಾಸೆಟ್ ಕೂರಲು ಮಾತ್ರ ಅದರದ್ದೇ ಫ್ರೀಹಬ್ (ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಬೇಕು.