ಮಡಚುವ ಕತ್ತಿಯಿಂದ ಶೇವಿಂಗ್: ಮೊದಲು ಹರಿತ, ಆಮೇಲೆ ಕೈ

ಮೊದಲ ಕತ್ತಿ ಕೊಂಡು ಮೂರು ವಾರ ಆಗಿತ್ತು. ದಿನಾ ಕೆನ್ನೆ ಉರಿಯುತ್ತಿತ್ತು, ಕೂದಲು ಕತ್ತರಿಸಿ ಬರುವ ಬದಲು ಕಿತ್ತು ಬಂದ ಹಾಗೆ ಅನಿಸುತ್ತಿತ್ತು. ಕೈ ಇನ್ನೂ ಪಳಗಿಲ್ಲ ಅಂತ ನಂಬಿಕೊಂಡು ಕತ್ತಿ ಹಿಡಿಯುವ ಕೋನ ಬದಲಿಸಿ ನೋಡಿದೆ, ಸೋಪು ಬದಲಿಸಿ ನೋಡಿದೆ, ಬಿಸಿನೀರಿನ ಬಟ್ಟೆ ಇನ್ನೂ ಜಾಸ್ತಿ ಹೊತ್ತು ಮುಖಕ್ಕೆ ಒತ್ತಿಕೊಂಡೆ. ತಪ್ಪು ಕೈಯದ್ದಾಗಿರಲಿಲ್ಲ. ಕತ್ತಿಗೆ ಹರಿತವೇ ಇರಲಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಈ ಮೂರು ವಾರ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಆ ಕತ್ತಿ ನೋಡಲು ಚೆನ್ನಾಗಿತ್ತು. ಕನ್ನಡಿಯಂಥ ಹೊಳಪು, ಹಿಡಿಯ ಮೇಲೆ ಕೆತ್ತನೆ, ಜೊತೆಗೊಂದು ಪೆಟ್ಟಿಗೆ. ಆದರೆ ಮಡಚಿದರೆ ಅಲಗು ಹಿಡಿಯ ನಡುವೆ ಕೂರುತ್ತಿರಲಿಲ್ಲ, ಒಂದು ಬದಿಗೆ ತಾಗುತ್ತಿತ್ತು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೊನೆಗೆ ಮಸೆಯುವುದು ಗೊತ್ತಿದ್ದ ಒಬ್ಬರಿಗೆ ತೋರಿಸಿದಾಗ ಅವರು ಅದನ್ನು ಸಮತಟ್ಟಾದ ಕಲ್ಲಿನ ಮೇಲೆ ಮಲಗಿಸಿದರು. ಬೆನ್ನೂ (ಅಂಚಿನ ಎದುರಿಗಿರುವ ದಪ್ಪ ಬದಿ) ಅಂಚೂ ಉದ್ದಕ್ಕೂ ಒಟ್ಟಿಗೆ ಕಲ್ಲಿಗೆ ಕೂರಬೇಕು. ನನ್ನದು ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತಿತ್ತು.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಈ ಕತ್ತಿಯಲ್ಲಿ ಮಸೆಯುವ ಕೋನವನ್ನು ಬೆನ್ನಿನ ದಪ್ಪವೇ ಗೊತ್ತು ಮಾಡುತ್ತದೆ. ಅಡುಗೆ ಮನೆಯ ಚಾಕುವಿನ ಹಾಗೆ ಕೋನವನ್ನು ಕೈಯಲ್ಲಿ ಹಿಡಿಯಬೇಕಾಗಿಲ್ಲ. ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿದರೆ ಸಾಕು, ಸುಮಾರು 16–17 ಡಿಗ್ರಿಯ ಅಂಚು ತಾನಾಗಿ ಬರುತ್ತದೆ. ಬೆನ್ನು ಸೊಟ್ಟಗಿದ್ದರೆ ಅಂಚೂ ಸೊಟ್ಟ. ಹೊಳಪು, ಕೆತ್ತನೆ ಯಾವುದೂ ಅದನ್ನು ಸರಿ ಮಾಡುವುದಿಲ್ಲ.

ಎರಡನೆಯ ಸಲ ಹಳೆಯ ಕತ್ತಿಯನ್ನೇ ಹುಡುಕಿದೆ. ಜರ್ಮನಿಯ ಜೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ಟಿಯೇರ್, ಈ ಮೂರು ಊರುಗಳು ತಲೆಮಾರುಗಳಿಂದ ಕತ್ತಿಗೆ ಹೆಸರಾದವು, ಅಲ್ಲಿ ತಯಾರಾದ ಹಳೆಯ ಕತ್ತಿಗಳು ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತಲೇ ಇವೆ. ನನಗೆ ಸಿಕ್ಕಿದ್ದು ಜೋಲಿಂಗೆನ್‌ನದು. ಹಳೆಯದನ್ನು ಕೊಳ್ಳುವಾಗ ನೋಡಬೇಕಾದ್ದು ಅಂಚು. ಬೆನ್ನ ಮೇಲೋ, ಕೀಲಿನಾಚೆ ಚಾಚಿಕೊಂಡಿರುವ ಬಾಲದ ಹತ್ತಿರವೋ ಕಪ್ಪು ಕಲೆ ಇದ್ದರೆ ಪರವಾಗಿಲ್ಲ, ಆದರೆ ಅಂಚಿನಲ್ಲೇ ತುಕ್ಕು ತಿಂದ ಗುಳಿ ಇದ್ದರೆ, ಕೂದಲೆಳೆಯಷ್ಟು ಬಿರುಕು ಇದ್ದರೂ, ಬೇಡ. ಬೆನ್ನು ಒಂದೇ ಕಡೆ ಅಗಲವಾಗಿ ಸವೆದಿದ್ದರೆ ಯಾರೋ ಅದನ್ನು ತಪ್ಪಾಗಿ ಮಸೆದಿದ್ದಾರೆ ಅಂತ ಅರ್ಥ. ಯಾರ ಮುಖದ ಮೇಲೆ ಓಡಾಡಿದ ಕತ್ತಿಯೋ, ಬಳಸುವ ಮೊದಲು ಚೆನ್ನಾಗಿ ತೊಳೆದು ಸ್ಪಿರಿಟ್‌ನಿಂದ ಒರೆಸಿ.

ಅಳತೆಯ ಬಗ್ಗೆ ಒಂದು ಮಾತು. ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. 4/8 ಸಣ್ಣದು, 8/8 ದೊಡ್ಡದು. ನನ್ನದು 5/8. 5/8 ಅಥವಾ 6/8 ತೆಗೆದುಕೊಂಡರೆ ಮೂಗಿನ ಕೆಳಗೂ ತಿರುಗುತ್ತದೆ, ಕೆನ್ನೆಯ ಮೇಲೂ ನೊರೆ ಹಿಡಿದುಕೊಳ್ಳುತ್ತದೆ. ತುದಿ ದುಂಡಗೇ ಇರಲಿ. ಚೌಕ ತುದಿಯ ಕತ್ತಿ ಮೀಸೆಯ ಗೆರೆ ತೀಡಲು ಚೆಂದ, ಆದರೆ ಹೊಸಬರ ಕೈಯಲ್ಲಿ ಕಿವಿಯ ಹಾಲೆಗೆ ಮೊದಲು ತಾಗುವುದೇ ಅದರ ಮೂಲೆ. ಇನ್ನು ಎರಡೂ ಬದಿ ಒಳಕ್ಕೆ ಕೊರೆದ ತೆಳು ಅಲಗು ಮುಖದ ಮೇಲೆ ಸಣ್ಣಗೆ ಸದ್ದು ಮಾಡುತ್ತದೆ, ಕೂದಲು ತುಂಡಾಗುವುದು ಕಿವಿಗೆ ಕೇಳುತ್ತದೆ. ಕಲಿಯುವಾಗ ನನಗೆ ಆ ಸದ್ದು ಬಹಳ ಸಹಾಯ ಮಾಡಿತು.

ಕತ್ತಿ ಕೊಂಡದ್ದಕ್ಕಿಂತ ಒಳ್ಳೆಯ ಕೆಲಸ ಅಂದರೆ, ಅದನ್ನು ಗೊತ್ತಿದ್ದವರ ಕೈಯಲ್ಲಿ ಮಸೆಸಿದ್ದು. ಹೊಸ ಕತ್ತಿ ಆದರೂ ಅಷ್ಟೇ, ಕಾರ್ಖಾನೆಯಿಂದ ಬಂದ ಅಂಚು ಎಷ್ಟೋ ಸಲ ಶೇವಿಂಗ್‌ಗೆ ಸಾಲುವುದಿಲ್ಲ. ಮಸೆಸಿ ತಂದ ಕತ್ತಿಯನ್ನು ಮುಂಗೈ ಮೇಲೆ ಚರ್ಮಕ್ಕೆ ತಾಗದ ಹಾಗೆ ಅರ್ಧ ಬೆರಳು ಎತ್ತರದಲ್ಲಿ ಸುಮ್ನೆ ಸರಿಸಿದೆ. ಕೂದಲು ತಾವಾಗಿ ಉದುರಿದವು. ಮೊದಲು ಕೊಂಡ ಕತ್ತಿಯಲ್ಲಿ ಚರ್ಮಕ್ಕೆ ಒತ್ತಿ ಕೆರೆದರೂ ಹೀಗೆ ಆಗಿರಲಿಲ್ಲ! ಮರುದಿನ ಅದೇ ಕೈ, ಅದೇ ಸೋಪು, ಅದೇ ಕೋನ. ಕೆನ್ನೆಯ ಮೇಲೆ ಕತ್ತಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು.

ಬ್ಲೇಡ್ ಬದಲಿಸುವ ಕತ್ತಿಯಲ್ಲಿ ಮೊದಲು ಅಭ್ಯಾಸ ಮಾಡಿದರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಮಸೆಯುವ ತಲೆನೋವು ಬೇಡ ಅನ್ನುವವರಿಗೆ ಅದು ಸರಿ. ಆದರೆ ಅದು ಸುಲಭದ ದಾರಿ ಅಲ್ಲ. ಆ ಬ್ಲೇಡ್ ಚರ್ಮವನ್ನು ಬೇಗ ಕಚ್ಚುತ್ತದೆ, ಕತ್ತಿ ಹಗುರ ಇರುವುದರಿಂದ ಒತ್ತಡ ಎಷ್ಟು ಅಂತ ಕೈಗೆ ತಿಳಿಯುವುದಿಲ್ಲ. ನನಗೆ ಅದರಲ್ಲಿ ಆದ ಗಾಯಗಳೇ ಜಾಸ್ತಿ.

ಕತ್ತಿಯಷ್ಟೇ ಮುಖ್ಯ, ಅದರ ಅಂಚನ್ನು ಎಳೆದು ನಯವಾಗಿಡುವ ತೊಗಲಿನ ಪಟ್ಟಿ. ಒಂದು ಕಡೆ ಬಟ್ಟೆ, ಒಂದು ಕಡೆ ತೊಗಲು, 2.5 ಇಲ್ಲವೇ 3 ಇಂಚು ಅಗಲ. ಪ್ರತಿ ಶೇವಿಂಗ್‌ಗೂ ಮುಂಚೆ ನಾನು ಬಟ್ಟೆಯ ಮೇಲೆ 20–30 ಸಲ, ತೊಗಲಿನ ಮೇಲೆ 50–60 ಸಲ ಹೋಗಿ ಬರುತ್ತೇನೆ. ಬೆನ್ನು ಮುಂದೆ, ಅಂಚು ಹಿಂದೆ. ಕೊನೆ ಮುಟ್ಟಿದಾಗ ಕತ್ತಿಯನ್ನು ಬೆನ್ನ ಮೇಲೆ ಹೊರಳಿಸಬೇಕು, ಅಂಚಿನ ಮೇಲೆ ಅಲ್ಲ. ಹೊರಳಿಸುವುದು ಬೆರಳುಗಳ ಕೆಲಸ, ಮಣಿಕಟ್ಟಿನದ್ದಲ್ಲ. ಪಟ್ಟಿ ಬಿಗಿಯಾಗಿರಲಿ, ಜೋತು ಬಿದ್ದರೆ ಅಂಚು ದುಂಡಾಗುತ್ತದೆ, ಒತ್ತಿದರೂ ಅಷ್ಟೇ. ಮೊದಲ ವಾರವೇ ನಾನು ಬೇಗ ಬೇಗ ಮಾಡಲು ಹೋಗಿ ತೊಗಲನ್ನು ಅಂಚಿನಿಂದ ಸೀಳಿಬಿಟ್ಟೆ. ಆದ್ದರಿಂದ ಮೊದಲ ಪಟ್ಟಿ ಸಾಧಾರಣದ್ದೇ ಇರಲಿ, ಅದಕ್ಕೆ ಗಾಯ ಆಗಿಯೇ ಆಗುತ್ತದೆ. ಆಮೇಲೆ ನಾನು ಆ ಸೊಟ್ಟ ಕತ್ತಿಯ ಅಂಚನ್ನು ಪೂರ್ತಿ ಮೊಂಡು ಮಾಡಿಕೊಂಡು ಹೊರಳಿಸುವುದನ್ನು ಅದರಲ್ಲೇ ಕಲಿತೆ. ನಿಧಾನ ಮಾಡಿದರೆ ಸಾಕು, ವೇಗ ತಾನಾಗಿ ಬರುತ್ತದೆ.

ಬ್ರಶ್ಶು ಯಾವುದಾದರೂ ನಡೆಯುತ್ತದೆ, ಕೃತಕ ಕೂದಲಿನದ್ದು ಬೇಗ ಒಣಗುತ್ತದೆ. ನೊರೆ ಮಾತ್ರ ಒದ್ದೆಯಾಗಿ, ಜಾರುವ ಹಾಗಿರಬೇಕು. ಗುಳ್ಳೆ ಗುಳ್ಳೆ ಇದ್ದರೆ ಇನ್ನೂ ಸ್ವಲ್ಪ ಹೊತ್ತು ತಿರುಗಿಸಿ.

ಮೊದಲ ದಿನ ಎರಡು ಕೆನ್ನೆ ಮಾತ್ರ ಮಾಡಿ. ಉಳಿದದ್ದನ್ನು ನಿಮ್ಮ ಹಳೆಯ ರೇಜರ್‌ನಲ್ಲಿ ಮುಗಿಸಿ. ನಾನು ಒಂದು ವಾರ ಹಾಗೇ ಮಾಡಿದೆ, ಆಮೇಲೆ ದವಡೆ, ಆಮೇಲೆ ಕತ್ತು, ಕೊನೆಗೆ ಮೇಲ್ದುಟಿ ಮತ್ತು ಗದ್ದ. ಕತ್ತಿಯ ಬೆನ್ನು ಮುಖದಿಂದ ಎರಡು ಬೆನ್ನಿನ ದಪ್ಪದಷ್ಟು ದೂರ, ಅಂದರೆ ಸುಮಾರು 30 ಡಿಗ್ರಿ. ಮಲಗಿಸಿದರೆ ಕೂದಲು ಎಳೆಯುತ್ತದೆ, ಎತ್ತಿದರೆ ಚರ್ಮ ಕೆರೆಯುತ್ತದೆ. ಇನ್ನೊಂದು ಕೈಯ ಕೆಲಸ ಚರ್ಮ ಬಿಗಿ ಹಿಡಿಯುವುದು. ಬೆರಳು ಜಾರುತ್ತಿದ್ದರೆ ಒಣಗಿಸಿಕೊಳ್ಳಿ. ಚರ್ಮ ಬಿಗಿಯಾಗಿಲ್ಲದೆ ಒಂದು ಎಳೆತವೂ ಬೇಡ, ನನಗೆ ಆದ ಗಾಯಗಳಲ್ಲಿ ಹೆಚ್ಚಿನವು ಹಾಗೇ ಆದವು. ಕತ್ತಿ ಯಾವತ್ತೂ ಅಂಚಿಗೆ ಅಡ್ಡವಾಗಿ ಸಾಗಬೇಕು, ಅಂಚಿನ ಉದ್ದಕ್ಕೆ ಒಂದು ಕೂದಲಷ್ಟು ಜಾರಿದರೂ ಚರ್ಮ ಸೀಳುತ್ತದೆ.

ಎರಡು ದಿನ ಗಡ್ಡ ಬಿಟ್ಟು ಬೆರಳಿನಿಂದ ಎಲ್ಲ ದಿಕ್ಕಿಗೂ ಸವರಿ ನೋಡಿ. ನುಣುಪಾಗಿ ತಾಗುವ ಕಡೆ ಕೂದಲಿನ ಹಾದಿ. ನನ್ನ ಕತ್ತಿನ ಎಡಗಡೆ ಕೂದಲು ಮೇಲಕ್ಕೆ ಬೆಳೆಯುತ್ತದೆ, ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಮೊದಲ ತಿಂಗಳು ಆ ಹಾದಿಯಲ್ಲೇ ಹೋದೆ. ಎದುರು ದಿಕ್ಕಿಗೆ ಎಳೆದದ್ದು ಬಹಳ ತಿಂಗಳ ನಂತರ, ಅದೂ ಕೆನ್ನೆಯ ಮೇಲೆ ಮಾತ್ರ. ಸಣ್ಣ ಗಾಯಕ್ಕೆ ತಣ್ಣೀರು, ಒಂದು ತುಂಡು ಪಟಿಕ. ಗಡಿಬಿಡಿ ಇರುವ ಬೆಳಿಗ್ಗೆ ಕತ್ತಿ ಮುಟ್ಟುವುದೇ ಇಲ್ಲ.

ಮುಗಿದ ಮೇಲೆ ಅಲಗನ್ನು ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ. ಕಾರ್ಬನ್ ಉಕ್ಕು ಒಂದು ಹನಿ ನೀರಿಗೇ ತುಕ್ಕು ಹಿಡಿಯುತ್ತದೆ. ಹಿಡಿಯ ಕೀಲಿನೊಳಗೆ ನೀರು ಹೋಗಬಾರದು, ಬಚ್ಚಲಲ್ಲಿ ಇಡಬಾರದು. ಕೆಲವು ದಿನ ಬಳಸುವುದಿಲ್ಲ ಅಂದರೆ ತೆಳುವಾಗಿ ಎಣ್ಣೆ ಸವರಿ ಇಡುತ್ತೇನೆ.

ಮಸೆಯುವ ಕಲ್ಲುಗಳನ್ನು ನಾನು ಮೊದಲ ವರ್ಷ ಕೊಳ್ಳಲೇ ಇಲ್ಲ. 1000 ಗ್ರಿಟ್‌ನಲ್ಲಿ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಅಂಚು ಕೂರಿಸಿ, 4000, 8000 ದಾಟಿ, 12000ದಲ್ಲಿ ನಯ ಮಾಡುವ ಆ ಕೆಲಸವೇ ಬೇರೆ ವಿದ್ಯೆ. ಶೇವಿಂಗನ್ನೂ ಅದನ್ನೂ ಒಟ್ಟಿಗೆ ಕಲಿಯಲು ಹೊರಟರೆ ಉರಿ ಎಲ್ಲಿಂದ ಬಂತು ಅಂತಲೇ ತಿಳಿಯುವುದಿಲ್ಲ. ಪಟ್ಟಿಯ ಮೇಲೆ ಸರಿಯಾಗಿ ಎಳೆಯುತ್ತಿದ್ದರೆ ಒಮ್ಮೆ ಮಸೆದ ಅಂಚು ತಿಂಗಳುಗಟ್ಟಲೆ ಬರುತ್ತದೆ. ಅದು ಸೋಲಲು ಶುರುವಾಗುವುದು ಗದ್ದದಲ್ಲೇ ಮೊದಲು ತಿಳಿಯುತ್ತದೆ, ಅಲ್ಲಿನ ಕೂದಲು ಗಡಸು. ಕೆನ್ನೆಯ ಮೇಲೆ ಇನ್ನೂ ಸದ್ದು ಚೆನ್ನಾಗಿಯೇ ಇರುತ್ತದೆ, ಗದ್ದದಲ್ಲಿ ಸಣ್ಣ ಎಳೆತ. ಆಗ ಅಂಚು ನಯ ಮಾಡುವ ಹಸಿರು ಕ್ರೋಮಿಯಂ ಆಕ್ಸೈಡ್ ಪುಡಿ ಹಚ್ಚಿದ ಬೇರೊಂದು ಪಟ್ಟಿಯ ಮೇಲೆ ಹತ್ತು ಸಲ ಎಳೆಯುತ್ತೇನೆ, ಆಮೇಲೆ ಮಾಮೂಲಿನಂತೆ ಬಟ್ಟೆ, ತೊಗಲು. ಅದಕ್ಕೂ ಬಗ್ಗದಿದ್ದರೆ ಮಾತ್ರ ಕಲ್ಲು.