ಮೂಟೆ ಹೊತ್ತು ತರುವ ಮೊದಲು ಒಂದು ಲೋಟ ಅಕ್ಕಿ ಬೇಯಿಸಿ

ಚೀಲದ ಮೇಲಿನ ‘ಸೋನಾ ಮಸೂರಿ’ ನೋಡಿ 25 ಕೆ.ಜಿ. ತಂದು, ಅನ್ನ ಮುದ್ದೆಯಾದಾಗ ಕುಕ್ಕರಿಗೆ ಬೈದವಳು ನಾನು. ಆ ಹೆಸರಿನಲ್ಲಿ ಬಿಪಿಟಿ 5204 ಎಂಬ ತಳಿಯೂ ಸೇರಿ ಹಲವು ಸಣ್ಣಕ್ಕಿಗಳು ಮಾರಾಟವಾಗುತ್ತವೆ. ಹೆಸರಿಗಿಂತ ಮುಖ್ಯವಾದದ್ದು ಅಕ್ಕಿಯ ವಯಸ್ಸು. ಅದು ಚೀಲದ ಮೇಲೆ ದೊಡ್ಡಕ್ಷರದಲ್ಲಿ ಕಾಣುವುದಿಲ್ಲ.

ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಅಂಗಡಿಯವರನ್ನು ಮೊದಲು ಕೇಳಬೇಕಾದದ್ದು ಇಷ್ಟೇ: ‘ಹಳೇದಾ, ಹೊಸದಾ?’ ಮಲೆನಾಡಿನ ಮಳೆಗಾಲದ ಬೆಳೆ ನವೆಂಬರ್-ಡಿಸೆಂಬರ್‌ ಹೊತ್ತಿಗೆ ಕಣಕ್ಕೆ ಬರುತ್ತದೆ. ಭದ್ರಾ ನಾಲೆಯ ಬೇಸಿಗೆ ಬೆಳೆ ಕೊಯ್ಲಾಗುವುದು ಮಳೆ ಹಿಡಿಯುವ ಮುಂಚೆ. ಅದರ ಮೇಲೆ ಲೆಕ್ಕ ಹಾಕಿಕೊಳ್ಳಿ.

ಒಂದು ಹಿಡಿ ಅಕ್ಕಿಯನ್ನು ಕಪ್ಪು ಬಟ್ಟೆಯ ಮೇಲೆ ಹರವಿ. ನುಚ್ಚು, ನೆಲ್ಲು, ಕಲ್ಲು ಎಷ್ಟಿದೆ ಎಂಬುದು ಆಗಲೇ ಕಾಣುತ್ತದೆ. ಆಮೇಲೆ ಕೆಲವು ಕಾಳುಗಳನ್ನು ಬೆಳಕಿಗೆ ಹಿಡಿಯಿರಿ. ನಡುವೆ ಸುಣ್ಣದಂಥ ಬಿಳಿ ಮಚ್ಚೆಯಿದ್ದರೆ ಕಾಳು ಸರಿಯಾಗಿ ತುಂಬಿಲ್ಲ ಎಂದರ್ಥ. ಅಂಥದ್ದು ಗಿರಣಿಯಲ್ಲೂ ಪಾತ್ರೆಯಲ್ಲೂ ಸುಲಭವಾಗಿ ಒಡೆಯುತ್ತದೆ. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕನೆ ಮುರಿಯಬೇಕು. ಮೆತ್ತಗಿದ್ದರೆ ತೇವ ಹೆಚ್ಚು, ನಮ್ಮ ಆಷಾಢದ ಮಳೆಯಲ್ಲಿ ಬೇಗ ಮುಗ್ಗುತ್ತದೆ. ಹಾಲಿನಂಥ ಬಿಳುಪಿಗೆ ಮರುಳಾಗಬೇಡಿ: ಹೆಚ್ಚು ಪಾಲಿಶ್‌ ಮಾಡಿದಷ್ಟೂ ತೌಡಿನ ಜೊತೆ ಬಿ ಜೀವಸತ್ವವೂ ಹೋಗುತ್ತದೆ.

ಪಡಿತರ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು ಸಿಕ್ಕರೆ ‘ಪ್ಲಾಸ್ಟಿಕ್‌’ ಎಂದು ಗಾಬರಿಯಾಗುವುದುಂಟು. ಅದು ಅಕ್ಕಿ ಹಿಟ್ಟಿಗೇ ಕಬ್ಬಿಣಾಂಶ, ಫೋಲಿಕ್‌ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು. 100 ಕಾಳಿಗೆ ಒಂದರಂತೆ ಬೆರೆಸುವ ರೂಢಿಯಿತ್ತು. ಆರಿಸಿ ಎಸೆಯಬೇಕಿಲ್ಲ.

ಇಷ್ಟಾದ ಮೇಲೂ ಮೂಟೆ ಬೇಡ, ಒಂದು ಕೆ.ಜಿ. ತನ್ನಿ. ಪರೀಕ್ಷೆಗೆ ಕುಕ್ಕರ್‌ ಸಲ್ಲದು, ಒಳಗೇನಾಯಿತೆಂದು ತಿಳಿಯುವುದೇ ಇಲ್ಲ. ಒಂದು ಲೋಟ ಅಕ್ಕಿ ತೊಳೆದು ಇಪ್ಪತ್ತು ನಿಮಿಷ ನೆನೆಸಿ, ತೆರೆದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಬೇಯಿಸಿ, ಗಂಜಿ ಬಸಿಯಿರಿ. ಹೊಸ ಅಕ್ಕಿಯ ಪಿಷ್ಟ ಬೇಗ ಬಿಟ್ಟುಕೊಳ್ಳುತ್ತದೆ, ಗಂಜಿ ದಪ್ಪಗೆ ಬರುತ್ತದೆ, ಅಗುಳು ಅಂಟುತ್ತದೆ. ಆರು ತಿಂಗಳು, ವರ್ಷ ಕಳೆದ ಅಕ್ಕಿ ಗಟ್ಟಿಯಾಗಿರುತ್ತದೆ. ಹೆಚ್ಚು ನೀರು ಕುಡಿದು ಉಬ್ಬುತ್ತದೆ, ಗಂಜಿ ತಿಳಿಯಾಗಿರುತ್ತದೆ. ಅಮ್ಮ ‘ಒದಗೋ ಅಕ್ಕಿ’ ಅಂತಿದ್ದದ್ದು ಇದನ್ನೇ. ಬೆಂದಿತೋ ಇಲ್ಲವೋ ತಿಳಿಯಲು ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ, ನಡುವೆ ಬಿಳಿ ಚುಕ್ಕೆ ಉಳಿಯಬಾರದು.

ಅಸಲಿ ಪರೀಕ್ಷೆ ಮಾತ್ರ ರಾತ್ರಿ. ಬಿಸಿಯಲ್ಲಿ ಎಲ್ಲ ಅನ್ನವೂ ಚೆನ್ನ. ತಣ್ಣಗಾದ ಮೇಲೆ ಕಲ್ಲಾಗುವ ಅಕ್ಕಿಯಲ್ಲಿ ಅಮೈಲೋಸ್‌ ಎಂಬ ಪಿಷ್ಟ ಹೆಚ್ಚಿರುತ್ತದೆ. ಚಿತ್ರಾನ್ನಕ್ಕೆ ಅದು ಬಿಡಿಬಿಡಿಯಾಗಿ ಒಗ್ಗೀತು, ಮಕ್ಕಳ ಡಬ್ಬಿಗಲ್ಲ.

ಗಂಧಸಾಲೆ, ಜೀರಿಗೆ ಸಣ್ಣದಂಥ ಪರಿಮಳದ ಅಕ್ಕಿಯನ್ನು ಪಾಯಸ, ತುಪ್ಪದನ್ನಕ್ಕೆ ಸ್ವಲ್ಪವೇ ತನ್ನಿ, ಡಬ್ಬಿ ತೆರೆದಿಟ್ಟರೆ ಪರಿಮಳ ಹಾರಿಹೋಗುತ್ತದೆ. ಕುಚ್ಚಲಕ್ಕಿಗೆ ಈ ಲೆಕ್ಕವೇ ಬೇರೆ: ಭತ್ತದಲ್ಲೇ ಬೆಂದು ಒಣಗಿದ್ದರಿಂದ ನೀರೂ ಹೊತ್ತೂ ಹೆಚ್ಚು ಬೇಕು.

ಅಷ್ಟಾಗಿಯೂ ಹೊಸ ಅಕ್ಕಿಯ ಮೂಟೆ ಮನೆಗೆ ಬಂದುಬಿಟ್ಟಿದ್ದರೆ, ಅಂಗಡಿಗೆ ಹಿಂದಿರುಗಿಸಲು ಓಡಬೇಡಿ. ಆ ಅಂಟೇ ಅಕ್ಕಿರೊಟ್ಟಿಯ ಹಿಟ್ಟಿಗೆ ಬೇಕಾದದ್ದು, ತಟ್ಟುವಾಗ ಅಂಚು ಬಿರಿಯುವುದಿಲ್ಲ. ಉಳಿದದ್ದು ದೀಪಾವಳಿ ಹೊತ್ತಿಗೆ ಹಳೆಯದಾಗಿರುತ್ತದೆ.